ಮಾರುವವಳ ದುಡಿಮೆ: ಹೆಸರು, ಕಥನ ಮತ್ತು ಕಾಯಿದೆ

ಕನ್ನಡದಲ್ಲಿ ಮಾರುವ ಹೆಣ್ಣಿಗೆ ಹೆಸರುಗಳ ಕೊರತೆಯಿಲ್ಲ. ಹೂವಾಡಗಿತ್ತಿ, ಬಳೆಗಾರ್ತಿ, ಗೊಲ್ಲತಿ, ಕೊರವಂಜಿ ಎಂಬ ಹೆಸರುಗಳು ಕಾವ್ಯದಲ್ಲೂ ಜನಪದದಲ್ಲೂ ಹರಿದಾಡಿವೆ. ಇವುಗಳಲ್ಲಿ ಕೆಲವು ಅವಳ ಬುಟ್ಟಿಯಲ್ಲಿರುವ ಸರಕಿನಿಂದ ಹುಟ್ಟಿದವು, ಕೆಲವು ಅವಳ ಜಾತಿಯಿಂದ. ಇತ್ತೀಚಿನ ಕಾಯಿದೆಯ ಭಾಷೆ ಅವಳನ್ನು ‘ಬೀದಿ ಬದಿ ವ್ಯಾಪಾರಿ’ ಎಂದು ಕರೆಯುತ್ತದೆ. ಈ ಹೆಸರು ಅವಳು ಕುಳಿತ ಜಾಗದಿಂದ ಬಂದದ್ದು. ಅರ್ಥಶಾಸ್ತ್ರದ ಭಾಷೆಯಲ್ಲಿ ಅವಳು ‘ಅಸಂಘಟಿತ’ ವಲಯದವಳು, ‘ಅನೌಪಚಾರಿಕ’ ಅರ್ಥವ್ಯವಸ್ಥೆಯವಳು. ಈ ಎರಡೂ ಹೆಸರುಗಳು ಅವಳಲ್ಲಿ ಇಲ್ಲದುದನ್ನು ಹೇಳುತ್ತವೆ. ಸರಕು, ಜಾತಿ, ಜಾಗ, ಕೊರತೆ ಈ ನಾಲ್ಕರಿಂದಲೂ ಹೆಸರು ಹುಟ್ಟಿದೆ. ಅವಳ ದುಡಿಮೆಯಿಂದ ಹುಟ್ಟಿದ ಹೆಸರು ಮಾತ್ರ ಸುಲಭವಾಗಿ ಸಿಗುವುದಿಲ್ಲ. ಇದನ್ನು ಕೇವಲ ಪದಕೋಶದ ಸಂಗತಿಯೆಂದು ಬಿಟ್ಟುಬಿಡುವಂತಿಲ್ಲ. ಮಾರುವ ಹೆಣ್ಣನ್ನು ಕನ್ನಡದ ಕಥನಗಳು ಕಂಡ ಬಗೆಗೂ ಇಂದಿನ ಶಾಸನ ಅವಳನ್ನು ಕಾಣುವ ಬಗೆಗೂ ಒಂದು ಸಾಮ್ಯವಿದೆ. ಎರಡೂ ಅವಳನ್ನು ಮಾರಾಟದ ಗಳಿಗೆಯಲ್ಲಿ ಮಾತ್ರ ಹಿಡಿಯುತ್ತವೆ. ಆ ಗಳಿಗೆಯ ಹಿಂದುಮುಂದಿನ ಕೆಲಸ ಎರಡರ ಚೌಕಟ್ಟಿನಿಂದಲೂ ಹೊರಗೆ ಉಳಿಯುತ್ತದೆ.

ಆ ಹಿಂದುಮುಂದಿನ ಕೆಲಸವೇನೆಂಬುದನ್ನು ಮೊದಲು ಗುರುತಿಸಿಕೊಳ್ಳಬೇಕು. ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕು ಬಯಲುಸೀಮೆಯು ಮಲೆನಾಡಿಗೆ ಹೊರಳುವ ಅಂಚಿನಲ್ಲಿದೆ. ನವಲಗುಂದ, ಅಣ್ಣಿಗೇರಿಗಳ ಎರೆಹೊಲಗಳಿಗೆ ಹೋಲಿಸಿದರೆ ಇಲ್ಲಿ ಮಳೆ ಹೆಚ್ಚು. ಭತ್ತ, ಗೋವಿನಜೋಳಗಳ ನಡುವೆ ಕಾಯಿಪಲ್ಲೆಗೂ ಎಡೆಯುಂಟು. ಈ ತಾಲ್ಲೂಕಿನ ಬಮ್ಮಿಗಟ್ಟಿಯಂಥ ಊರಿನಿಂದ ಪೇಟೆಗೆ ಹೊರಡುವ ಹೆಣ್ಣಿನ ದಿನ ಮಾರಾಟದಿಂದ ಆರಂಭವಾಗುವುದಿಲ್ಲ. ಹಿಂದಿನ ಸಂಜೆಯೇ ಮೆಂತೆ, ಸಬ್ಬಸಿಗೆ, ಪುಂಡಿ, ಕೊತ್ತಂಬರಿಗಳನ್ನು ಕಿತ್ತು, ಬೇರಿನ ಮಣ್ಣು ತೊಳೆದು, ಒಂದೇ ಅಳತೆಯ ಸಿವುಡು ಕಟ್ಟಿ, ಬಾಡದಂತೆ ಒದ್ದೆ ಬಟ್ಟೆ ಹೊದಿಸಿ ಇಡಬೇಕು. ನಸುಕಿನಲ್ಲಿ ಎದ್ದು ಮನೆಯವರ ರೊಟ್ಟಿ ಬಡಿದು, ದನದ ಸಗಣಿ ಬಳಿದು, ಬುಟ್ಟಿಯನ್ನು ಸಿಂಬಿಯ ಮೇಲೆ ಏರಿಸಿಕೊಂಡು ಬಸ್ಸು ನಿಲ್ಲುವಲ್ಲಿಗೆ ನಡೆಯಬೇಕು. ಪೇಟೆಯಲ್ಲಿ ಜಾಗ ಹಿಡಿಯುವುದೇ ಒಂದು ಕೆಲಸ. ಬೋಣಿಗೆಯಾಗುವವರೆಗೆ ಕಾಯುವುದು, ಕೊಸರು ಕೇಳುವವರಿಗೆ ಮಣಿಯುವುದು ಇಲ್ಲವೆ ಮುನಿಯುವುದು, ಉದ್ರಿ ಒಯ್ದವರ ಮುಖ ನೆನಪಿಡುವುದು, ಬಿಸಿಲಿಗೆ ಸೊಪ್ಪು ಜೋತುಬೀಳುವ ಮೊದಲೇ ದರ ಇಳಿಸುವ ಗಳಿಗೆಯನ್ನು ಅಂದಾಜು ಮಾಡುವುದು, ಇವೆಲ್ಲ ಲೆಕ್ಕಾಚಾರದ ದುಡಿಮೆ. ಹೆಣ್ಣುಮಕ್ಕಳಿಗೆ ಶೌಚಾಲಯವಿಲ್ಲದ ಸಂತೆಗಳಲ್ಲಿ ನೀರು ಕುಡಿಯದೆ ದಿನ ಕಳೆಯುವುದೂ ಈ ದುಡಿಮೆಯ ಭಾಗವೇ. ಸಂಜೆ ಮಾರದೆ ಉಳಿದದ್ದನ್ನು ಅಗ್ಗಕ್ಕೆ ಕೊಡಬೇಕು, ಇಲ್ಲವೆ ಹೊತ್ತು ತಂದು ಮನೆಯ ಸಾರಿಗೆ ಹಾಕಬೇಕು.

ಇಷ್ಟನ್ನು ಒಂದೇ ಕಸುಬು ಎಂದು ಹೆಸರಿಸುವುದು ಕಷ್ಟ. ಬೆಳೆಯುವವಳು, ಕೊಯ್ಯುವವಳು, ಹೊರುವವಳು, ಮಾರುವವಳು ಒಬ್ಬಳೇ. ಸುಗ್ಗಿಯ ದಿನಗಳಲ್ಲಿ ಅನ್ಯರ ಹೊಲದ ಕೂಲಿಯೂ ಅವಳೇ. ಹುಬ್ಬಳ್ಳಿ–ಧಾರವಾಡದ ಬೀದಿಗಳಲ್ಲಿ ಖಡಕ್ ರೊಟ್ಟಿ ಮಾರುವವಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಅಲ್ಲಿ ಹೊಲದ ಬದಲು ಒಲೆ ಇದೆ, ಅಷ್ಟೇ.

ಈಗ ಕಥನಗಳ ಕಡೆಗೆ ತಿರುಗಬಹುದು. ಉತ್ತರ ಕರ್ನಾಟಕದ ಮಟ್ಟಿಗೆ ಮಾರುವ ಹೆಣ್ಣಿನ ಅತ್ಯಂತ ಜನಪ್ರಿಯ ಚಿತ್ರ ಇರುವುದು ‘ಶ್ರೀಕೃಷ್ಣ ಪಾರಿಜಾತ’ದಲ್ಲಿ. ಅಪರಾಳ ತಮ್ಮಣ್ಣನ ರಚನೆಯನ್ನು ಕುಲಗೋಡ ತಮ್ಮಣ್ಣ ರಂಗಕ್ಕೆ ಅಳವಡಿಸಿದನೆಂಬುದು ರಂಗ ಇತಿಹಾಸಕಾರರು ಒಪ್ಪಿರುವ ಮಾತು. ರುಕ್ಮಿಣಿ–ಸತ್ಯಭಾಮೆಯರ ಮುಖ್ಯ ಕಥೆಗೆ ಮುನ್ನ ಬರುವ ಗೊಲ್ಲತಿಯ ಪ್ರಸಂಗಕ್ಕೆ ಕಾದು ಕೂಡುವ ಪ್ರೇಕ್ಷಕರು ಇಂದಿಗೂ ಇದ್ದಾರೆ. ಗಡಿಗೆ ಹೊತ್ತು ಹಾಲು ಮೊಸರು ಮಾರಲು ಹೊರಟವಳು ದಾರಿಯಲ್ಲಿ ತಡೆಯಲ್ಪಡುತ್ತಾಳೆ. ಮಾತಿಗೆ ಮಾತು ಬೆಳೆಯುತ್ತದೆ. ಅವಳ ಜಾಣತನಕ್ಕೂ ತಡೆದವನ ಚೇಷ್ಟೆಗೂ ಪೈಪೋಟಿ ನಡೆಯುತ್ತದೆ. ಭಾರತದಾದ್ಯಂತ ಹಬ್ಬಿರುವ ದಾನಲೀಲೆಯ ಕಥೆಗಳಲ್ಲಿ ಕೃಷ್ಣ ಗೋಪಿಯರನ್ನು ತಡೆದು ಕೇಳುವುದು ಸುಂಕವನ್ನೇ. ಈ ಒಂದು ವಿವರದ ಮೇಲೆ ವಿಮರ್ಶೆ ಸಾಕಷ್ಟು ನಿಂತಿಲ್ಲ. ಭಕ್ತಿಯ ವ್ಯಾಖ್ಯಾನಕ್ಕೆ ಸುಂಕ ಆತ್ಮಸಮರ್ಪಣೆಯ ಸಂಕೇತವಾಯಿತು, ರಸಿಕತೆಯ ವ್ಯಾಖ್ಯಾನಕ್ಕೆ ಪ್ರಣಯದ ನೆಪವಾಯಿತು. ಸರಕು ಹೊತ್ತ ಹೆಣ್ಣನ್ನು ದಾರಿಯಲ್ಲಿ ತಡೆದು ಹಣ ಕೇಳುವ ಅಧಿಕಾರ ಇಂಥ ಕಥೆ ಹುಟ್ಟಿದ ಸಮಾಜದಲ್ಲಿ ನಿತ್ಯದ ಅನುಭವವಾಗಿತ್ತು ಎಂಬ ನೇರ ಅರ್ಥ ಎರಡೂ ಕಡೆ ಮರೆಯಾಯಿತು.

ಗೊಲ್ಲತಿಯ ಮಾತಿನ ಚುರುಕನ್ನು ಕಡೆಗಣಿಸಬೇಕೆಂದು ಇದರ ಅರ್ಥವಲ್ಲ. ಈ ಪ್ರಸಂಗದ ಜೀವಾಳ ಅವಳ ಮರುಮಾತು. ಕೌಜಲಗಿ ನಿಂಗಮ್ಮನಂಥ ಕಲಾವಿದೆಯರು ಪಾರಿಜಾತದ ರಂಗಕ್ಕೆ ತಂದ ಕಸುವಿನ ಹಿಂದೆ ಬೀದಿಯ ಹೆಣ್ಣಿನ ಮಾತುಗಾರಿಕೆಯ ಬಲವೂ ಇದ್ದಿರಬೇಕು. ಆದರೆ ರಂಗದ ನಿಯಮ ಅವಳ ಮಾತಿಗೆ ಒಂದು ಮಿತಿ ಹಾಕುತ್ತದೆ. ಅವಳು ಎಷ್ಟೇ ಜಾಣಳಾದರೂ ಮೊಸರಿನ ಬೆಲೆ ಆ ಮಾತುಕತೆಯಲ್ಲಿ ಮುಖ್ಯವಾಗುವುದಿಲ್ಲ. ತಡವಾದಷ್ಟೂ ಮೊಸರು ಹುಳಿಯಾಗುತ್ತದೆ ಎಂಬ ಸರಳ ಸಂಗತಿ ಪ್ರೇಕ್ಷಕನಿಗೆ ನೆನಪಾಗುವುದಿಲ್ಲ. ಅವಳ ಹೊತ್ತು ಪ್ರೇಕ್ಷಕನ ರಂಜನೆಗೆ ವ್ಯಯವಾಗುತ್ತದೆ.

ಇದೇ ಕನ್ನಡದ ಜನಪದದಲ್ಲಿ ಮಾರುವ ಗಂಡಸಿಗೆ ದೊರೆತ ಮನ್ನಣೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಬಳೆಗಾರ ಹೆಣ್ಣುಮಕ್ಕಳ ಹಾಡುಗಳಲ್ಲಿ ಅಣ್ಣನ ಸಮಾನ, ತವರಿನ ಸುದ್ದಿ ತರುವವ, ಒಳಪಡಸಾಲೆಯವರೆಗೂ ಬರಬಲ್ಲವ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ (1942)ಯ ಬಳೆಗಾರ ಚೆನ್ನಯ್ಯನವರೆಗೂ ಈ ಗೌರವ ಸಾಗಿಬಂದಿದೆ. ಗಂಡು ಮಾರಾಟಗಾರನಿಗೆ ಬಾಗಿಲು ತೆರೆಯುತ್ತದೆ. ಹೆಣ್ಣು ಮಾರಾಟಗಾರಳಿಗೆ ದಾರಿ ಕಟ್ಟುತ್ತದೆ. ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ ತ್ರಿಪದಿಗಳ ಸಂಕಲನಕ್ಕೆ ‘ಗರತಿಯ ಹಾಡು’ ಎಂದು ಹೆಸರಿಟ್ಟದ್ದೂ ಇಲ್ಲಿ ಪ್ರಸ್ತುತ. ಆ ಸಂಕಲನದ ಉಪಕಾರ ದೊಡ್ಡದು. ಬೀಸುವ ಕಲ್ಲಿನ ಮುಂದಿನ ದುಡಿಮೆಯನ್ನು ಅಕ್ಷರಲೋಕಕ್ಕೆ ತಂದದ್ದು ಅದೇ. ಆದರೂ ಹಾಡಿದವಳಿಗೆ ‘ಗರತಿ’ ಎಂಬ ಹೆಸರು ಸಂದಾಗ ಅವಳ ಮನೆಯೊಳಗಿನ ಚಹರೆ ಗಟ್ಟಿಯಾಯಿತು. ಅದೇ ಹೆಣ್ಣು ಸಂತೆಯ ದಿನ ತೆಗೆದುಕೊಳ್ಳುತ್ತಿದ್ದ ಇನ್ನೊಂದು ಚಹರೆ ಮಸುಕಾಯಿತು.

ವಚನ ಪರಂಪರೆ ಈ ವಿಷಯದಲ್ಲಿ ಹೆಚ್ಚು ಉದಾರವಾಗಿರಬೇಕಿತ್ತೆಂದು ಯಾರೂ ನಿರೀಕ್ಷಿಸುತ್ತಾರೆ. ದುಡಿಮೆಯನ್ನೇ ಹೆಸರಿನ ಭಾಗವಾಗಿಸಿದ ಚಳವಳಿ ಅದು. ಕದಿರ ರೆಮ್ಮವ್ವೆ ನೂಲುವವಳು, ಕೊಟ್ಟಣದ ಸೋಮಮ್ಮ ಭತ್ತ ಕುಟ್ಟುವವಳು, ಆಯ್ದಕ್ಕಿ ಲಕ್ಕಮ್ಮ ಅಕ್ಕಿಯನ್ನು ಆಯುವ ಕಾಯಕದ ದಂಪತಿಗಳಲ್ಲಿ ಒಬ್ಬಳು, ಸತ್ಯಕ್ಕ ಕಸ ಗುಡಿಸುವವಳು. ಪ್ರಸಿದ್ಧ ವಚನಕಾರ್ತಿಯರ ಹೆಸರಿಗೆ ಅಂಟಿದ ಕಾಯಕಗಳು ಬಹುಮಟ್ಟಿಗೆ ತಯಾರಿಕೆಯವು ಅಥವಾ ಸೇವೆಯವು. ನೂಲನ್ನು ಯಾರಾದರೂ ಮಾರಲೇಬೇಕು. ಆ ಮಾರಾಟ ಹೆಸರಿಗೆ ಏರಿಲ್ಲ. ಇತ್ತ ಸುಂಕ ವಸೂಲಿ ಮಾಡುವವನ ಕಾಯಕ ಹೆಸರಿಗೆ ಏರಿದೆ: ಸುಂಕದ ಬಂಕಣ್ಣ ವಚನಕಾರರ ಸಾಲಿನಲ್ಲಿದ್ದಾನೆ. ಅಕ್ಕಮಹಾದೇವಿಯ ಪ್ರಸಿದ್ಧ ವಚನವೊಂದರಲ್ಲಿ ಸಂತೆ ಬರುವುದು ಲೋಕದ ಗದ್ದಲದ ರೂಪಕವಾಗಿ. ಪುರಂದರದಾಸರ ಕೀರ್ತನೆಯಲ್ಲಿ ಕಲ್ಲುಸಕ್ಕರೆ ಮಾರುವವನ ಕೂಗು ನಾಮಸ್ಮರಣೆಯ ಕರೆಯಾಗುತ್ತದೆ. ರೂಪಕಕ್ಕೆ ಸಂತೆ ಬೇಕಾಯಿತು, ಬೀದಿಯ ಕೂಗು ಬೇಕಾಯಿತು. ಕೂಗಿ ಕೂಗಿ ಬತ್ತಿದ ಗಂಟಲು ಬೇಕಾಗಲಿಲ್ಲ.

ಇದಕ್ಕೆ ಬಲವಾದ ಅಪವಾದವೊಂದಿದೆ, ಅದು ಪಿಟ್ಟವ್ವೆಯ ಕಥೆ. ಮೂಲದಲ್ಲಿ ಮಧುರೆಯ ಸ್ಥಳಪುರಾಣಕ್ಕೆ ಸೇರಿದ ಈ ಕಥೆಯ ಮುದುಕಿಯನ್ನು ಕನ್ನಡದ ಶರಣರು ಪುರಾತನರ ಸಾಲಿನಲ್ಲಿ ಎಣಿಸಿ ತಮ್ಮವಳಾಗಿಸಿಕೊಂಡರು. ವೈಗೈ ನದಿ ಉಕ್ಕಿದಾಗ ಪಾಂಡ್ಯ ಅರಸ ಮನೆಗೊಂದು ಪಾಲಿನಂತೆ ಒಡ್ಡು ಕಟ್ಟುವ ಕೆಲಸ ವಿಧಿಸುತ್ತಾನೆ. ಪಿಟ್ಟು ಬೇಯಿಸಿ ಮಾರಿ ಬದುಕುವ ಒಂಟಿ ಮುದುಕಿಗೂ ಒಂದು ಪಾಲು ಬೀಳುತ್ತದೆ. ಅವಳಿಗೆ ಗಂಡಾಳಿಲ್ಲ. ಶಿವ ಕೂಲಿಯವನಾಗಿ ಬಂದು ಅವಳ ಪಾಲಿನ ಮಣ್ಣು ಹೊರಲು ಒಪ್ಪುತ್ತಾನೆ. ಉದುರಿದ, ಮುರಿದ ಪಿಟ್ಟು ಅವನ ಕೂಲಿ. ಕೆಲಸಗಳ್ಳನೆಂದು ಅರಸ ಹೊಡೆದ ಪೆಟ್ಟು ಅರಸನನ್ನೂ ಸೇರಿಸಿ ಎಲ್ಲರ ಬೆನ್ನಿಗೂ ಬೀಳುತ್ತದೆ.

ಈ ಕಥೆಯನ್ನು ಭಕ್ತಿಯ ಮಹಿಮೆಯಾಗಿ ಓದುವ ರೂಢಿ ಬಲವಾಗಿದೆ. ಮಾರುವವಳ ಲೆಕ್ಕವನ್ನು ಅಷ್ಟು ನಿಖರವಾಗಿ ಬಲ್ಲ ಹಳೆಯ ಕಥೆ ಇನ್ನೊಂದು ದೊರೆಯುವುದು ಕಷ್ಟ. ಇಡಿಯ ಪಿಟ್ಟು ಗಿರಾಕಿಗೆ, ಮುರಿದದ್ದು ಕೂಲಿಗೆ. ಹಾಳಾದ ಸರಕೇ ದುಡಿಯುವವರ ಊಟ ಎಂಬ ಈ ನಿಯಮ ಸಂಜೆಯ ಸಂತೆಯಲ್ಲಿ ಬಾಡಿದ ಮೆಂತೆಯನ್ನು ಮನೆಗೆ ಒಯ್ಯುವ ಹೆಣ್ಣಿಗೆ ಹೊಸದಲ್ಲ. ಕಥೆಯ ಇನ್ನೊಂದು ತಿಳಿವಳಿಕೆ ರಾಜ್ಯಕ್ಕೆ ಸಂಬಂಧಿಸಿದ್ದು. ಅರಸನ ಲೆಕ್ಕದ ಘಟಕ ಮನೆ. ಪ್ರತಿ ಮನೆಯಲ್ಲೂ ಬಿಟ್ಟಿಗೆ ಕಳಿಸಲು ಒಬ್ಬ ಗಂಡಾಳು ಇರುತ್ತಾನೆಂಬುದು ಅವನ ಗೃಹೀತ. ಒಂಟಿಯಾಗಿ ಒಲೆಯ ಮುಂದೆ ಕುಳಿತವಳ ದಿನವೂ ದುಡಿಮೆಯ ದಿನವೇ ಎಂಬುದು ಆ ಲೆಕ್ಕಕ್ಕೆ ಬರುವುದಿಲ್ಲ. ಗೊಲ್ಲತಿಯ ಪ್ರಸಂಗದಲ್ಲಿ ದೇವರು ತಡೆಯುವವನ ಪಕ್ಷದಲ್ಲಿದ್ದರೆ ಇಲ್ಲಿ ಹೊರುವವಳ ಪಕ್ಷದಲ್ಲಿದ್ದಾನೆ. ಆದರೂ ಕಥೆ ಕೊನೆಗೆ ಅವಳಿಗೆ ಕೊಡುವುದು ಕೈಲಾಸವನ್ನು. ಬಿಟ್ಟಿಯ ನಿಯಮ ಬದಲಾಯಿತೇ ಎಂಬ ಪ್ರಶ್ನೆಯನ್ನು ಅದು ಎತ್ತುವುದಿಲ್ಲ.

ಕಥನಗಳಿಂದ ಶಾಸನದ ಕಡೆಗೆ ಬಂದಾಗ ಸುಂಕದ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಹಳೆಯ ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡ ಸೀಮೆಯ ಜನ ಇದಕ್ಕೆ ‘ಜಕಾತಿ’ ಎನ್ನುತ್ತಾರೆ. ಕರ್ನಾಟಕದಲ್ಲಿ ಊರು ಪ್ರವೇಶದ ಜಕಾತಿ 1979ರಲ್ಲಿ ರದ್ದಾಯಿತು. ಸಂತೆಯ ಕರಕ್ಕೆ ಆ ಪದ ಇನ್ನೂ ಅಂಟಿಕೊಂಡಿದೆ. ಅನೇಕ ಸ್ಥಳೀಯ ಸಂಸ್ಥೆಗಳು ಈ ಕರ ಎತ್ತುವ ಹಕ್ಕನ್ನು ವರ್ಷಕ್ಕೊಮ್ಮೆ ಲಿಲಾವಿಗೆ ಇಡುತ್ತವೆ. ಹೆಚ್ಚಿನ ಮೊತ್ತಕ್ಕೆ ಕೂಗಿದ ಗುತ್ತಿಗೆದಾರ ತಾನು ಕಟ್ಟಿದ ಹಣವನ್ನೂ ಲಾಭವನ್ನೂ ಸಂತೆಯಿಂದಲೇ ಎತ್ತಬೇಕು. ಕುಳಿತ ಜಾಗದ ಲೆಕ್ಕದಲ್ಲಿ ಎತ್ತುವ ಕರ ದೊಡ್ಡ ರಾಶಿಯವನಿಗೆ ಹಗುರ, ಎರಡು ಬುಟ್ಟಿಯವಳಿಗೆ ಭಾರ. ‘ಅನೌಪಚಾರಿಕ’ ಎಂಬ ವಿಶೇಷಣದ ಟೊಳ್ಳುತನ ಇಲ್ಲಿ ಬಯಲಾಗುತ್ತದೆ. ಕೀತ್ ಹಾರ್ಟ್ ಘಾನಾದ ಆಕ್ರಾ ನಗರದ ಅಧ್ಯಯನದಿಂದ 1970ರ ದಶಕದ ಆರಂಭದಲ್ಲಿ ಈ ಪರಿಕಲ್ಪನೆಯನ್ನು ಮುಂದಿಟ್ಟಾಗ ಅವನ ಉದ್ದೇಶ ನಿರುದ್ಯೋಗಿಗಳೆಂದು ಎಣಿಸಲ್ಪಟ್ಟವರು ವಾಸ್ತವವಾಗಿ ದುಡಿಯುತ್ತಿದ್ದಾರೆಂದು ತೋರಿಸುವುದಾಗಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1972ರ ಕೀನ್ಯಾ ವರದಿಯ ಮೂಲಕ ಅದು ಆಡಳಿತದ ಪದವಾಯಿತು. ಆದರೆ ಸಂತೆಯಲ್ಲಿ ಕರವಿದೆ, ಗುತ್ತಿಗೆಯಿದೆ, ರಸೀದಿಯಿದೆ, ಅಡತಿಯ ಸವಾಲಿದೆ. ಅಲ್ಲಿ ವಸೂಲಿಯ ಎಲ್ಲ ಔಪಚಾರಿಕತೆಯೂ ಇದೆ. ರಕ್ಷಣೆಯ ಔಪಚಾರಿಕತೆ ಮಾತ್ರ ಇಲ್ಲ.

ದುಡಿಯುವ ಹೆಣ್ಣು ಲೆಕ್ಕಕ್ಕೆ ಸಿಗದಿರುವ ಸಂಗತಿ ಸರ್ಕಾರಕ್ಕೆ ತಿಳಿಯದ್ದೇನಲ್ಲ. ಅಹಮದಾಬಾದಿನಲ್ಲಿ 1972ರಲ್ಲಿ ‘ಸೇವಾ’ ಸಂಘಟನೆಯನ್ನು ಕಟ್ಟಿದ ಇಳಾ ಭಟ್ ಅವರ ಅಧ್ಯಕ್ಷತೆಯ ಆಯೋಗ 1988ರ ‘ಶ್ರಮಶಕ್ತಿ’ ವರದಿಯಲ್ಲಿ ಇದನ್ನು ವಿಸ್ತಾರವಾಗಿ ಮಂಡಿಸಿತ್ತು. ಆದರೂ 2011ರ ಜನಗಣತಿ ವರ್ಷದಲ್ಲಿ ಆರು ತಿಂಗಳು ದುಡಿದವರನ್ನು ಮುಖ್ಯ ದುಡಿಮೆಗಾರರೆಂದೂ ಅದಕ್ಕಿಂತ ಕಡಿಮೆ ದುಡಿದವರನ್ನು ಅಲ್ಪಾವಧಿ ದುಡಿಮೆಗಾರರೆಂದೂ ಎಣಿಸಿತು. ಸಾಗುವಳಿದಾರ, ಕೃಷಿಕೂಲಿ, ಗೃಹ ಕೈಗಾರಿಕೆ, ಇತರ ಎಂಬ ನಾಲ್ಕು ಗುಂಪು ಮಾಡಿತು. ಬೆಳೆದು, ಕೂಲಿ ಮಾಡಿ, ವಾರಕ್ಕೊಮ್ಮೆ ಮಾರುವವಳು ಇವುಗಳಲ್ಲಿ ಒಂದರೊಳಗೆ ತುರುಕಲ್ಪಡುತ್ತಾಳೆ. ಮಾರಾಟ ಆ ಗುಂಪಿನ ಹೆಸರಿನಲ್ಲಿ ಕರಗಿಹೋಗುತ್ತದೆ.

ಬೀದಿ ವ್ಯಾಪಾರ ಸಂವಿಧಾನದ 19(1)(ಜಿ) ವಿಧಿಯ ರಕ್ಷಣೆಗೆ ಒಳಪಟ್ಟ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯ 1989ರ ಸೋದನ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಇದಕ್ಕೆ ಶಾಸನದ ರೂಪ ದೊರೆಯಲು ಕಾಲು ಶತಮಾನ ಬೇಕಾಯಿತು. ಬೀದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣ ಕಾಯಿದೆ 2014ರ ಮೇ 1ರಿಂದ ಜಾರಿಗೆ ಬಂದಿತು. ಇದರ ಮಹತ್ವವನ್ನು ಅಲ್ಲಗಳೆಯಲಾಗದು. ಸ್ಥಳಾಂತರಕ್ಕೆ ಮೂವತ್ತು ದಿನಗಳ ಸೂಚನೆ ಕಡ್ಡಾಯ. ವಶಪಡಿಸಿಕೊಂಡ ಸರಕು ಬೇಗ ಹಾಳಾಗುವಂಥದ್ದಾದರೆ ಕೇಳಿದ ದಿನವೇ ಬಿಟ್ಟುಕೊಡಬೇಕು. ಹುಳಿಯಾಗುವ ಮೊಸರು ಕಡೆಗೂ ಒಂದು ಶಾಸನದ ಗಮನಕ್ಕೆ ಬಂದಿತೆನ್ನಬೇಕು. ಐವತ್ತು ವರ್ಷ ಮೀರಿದ ಸಹಜ ಮಾರುಕಟ್ಟೆಯನ್ನು ಪಾರಂಪರಿಕವೆಂದು ಘೋಷಿಸಿ ಅಲ್ಲಿಯ ವ್ಯಾಪಾರಿಗಳನ್ನು ಎಬ್ಬಿಸದಿರುವ ಅಂಶವೂ ಅದರಲ್ಲಿದೆ.

ಆದರೆ ಈ ಕಾಯಿದೆಯನ್ನು ಒಂದು ಪಠ್ಯವಾಗಿ ಓದಿದಾಗ ಅದು ಕಲ್ಪಿಸಿಕೊಂಡ ವ್ಯಾಪಾರಿ ಯಾರೆಂಬುದು ಬೇಗನೆ ತಿಳಿಯುತ್ತದೆ. ಅದರ ನಿರ್ವಚನದಲ್ಲಿ ‘ಸ್ಥಳೀಯ ಪ್ರಾಧಿಕಾರ’ ಎಂದರೆ ಮಹಾನಗರಪಾಲಿಕೆ, ನಗರಸಭೆ, ಪಟ್ಟಣ ಪಂಚಾಯತಿ, ದಂಡು ಮಂಡಳಿ, ನಗರ–ಪಟ್ಟಣಗಳ ಇಂಥವೇ ಇತರ ಸಂಸ್ಥೆಗಳು. ಗ್ರಾಮ ಪಂಚಾಯತಿ ಈ ಪಟ್ಟಿಯಲ್ಲಿ ಇಲ್ಲ. ಹೀಗಾಗಿ ಕಲಘಟಗಿ ಪಟ್ಟಣದ ಸೀಮೆಯೊಳಗೆ ಬುಟ್ಟಿ ಇಳಿಸಿದವಳಿಗೆ ಕಾಯಿದೆ ಇದೆ; ಅದೇ ಹೆಣ್ಣು ಬಮ್ಮಿಗಟ್ಟಿಯ ರಸ್ತೆಯ ಬದಿ ಅದೇ ಬುಟ್ಟಿ ಇಳಿಸಿದರೆ ಇಲ್ಲ. ಹಳ್ಳಿಯ ಸಂತೆ ಎಷ್ಟೇ ಹಳೆಯದಾಗಿದ್ದರೂ ಪಾರಂಪರಿಕ ಮಾರುಕಟ್ಟೆಯ ರಕ್ಷಣೆ ಅದಕ್ಕೆ ಸಲ್ಲುವುದಿಲ್ಲ.

ಇದಕ್ಕಿಂತ ಗಂಭೀರವಾದುದು ಪ್ರಮಾಣಪತ್ರದ ಷರತ್ತು. ಅದನ್ನು ಪಡೆಯುವ ಮುನ್ನ ವ್ಯಾಪಾರಿ ಕೊಡಬೇಕಾದ ಮುಚ್ಚಳಿಕೆಯಲ್ಲಿ, ತಾನೇ ಅಥವಾ ತನ್ನ ಕುಟುಂಬದವರ ಮೂಲಕವೇ ವ್ಯಾಪಾರ ನಡೆಸುವುದಾಗಿಯೂ ತನಗೆ ಬೇರೆ ಜೀವನೋಪಾಯ ಇಲ್ಲವೆಂದೂ ಬರೆದುಕೊಡಬೇಕು. ಬಾಡಿಗೆಗೆ ಬಿಡುವ ದಲ್ಲಾಳಿಗಳನ್ನು, ಅಂಗಡಿಯ ಮಾಲೀಕರನ್ನು ದೂರವಿಡುವುದು ಈ ಷರತ್ತಿನ ಉದ್ದೇಶವಾಗಿರಬಹುದು. ಅದು ಬೀಳುವುದು ಮಾತ್ರ ಇನ್ನೊಬ್ಬಳ ಮೇಲೆ. ಅರ್ಧ ಎಕರೆ ಹೊಲ, ಒಂದು ಎಮ್ಮೆ, ಕಳೆ ಕೀಳುವ ಕೂಲಿ, ವಾರದ ಸಂತೆ ಇವು ನಾಲ್ಕೂ ಸೇರಿದರಷ್ಟೇ ಸಂಸಾರ ಸಾಗುವ ಹೆಣ್ಣು ಈ ಕಾಗದಕ್ಕೆ ಸುಳ್ಳಾಡದೆ ಹೆಬ್ಬೆಟ್ಟು ಒತ್ತುವುದು ಹೇಗೆ? ಒಂದೇ ಕಸುಬಿನಿಂದ ಬದುಕಲಾರದಷ್ಟು ಬಡವಳಾಗಿರುವುದೇ ಅವಳ ಅನರ್ಹತೆಯಾಗುತ್ತದೆ. ಪ್ರಮಾಣಪತ್ರ ಕೊಡುವಾಗ ಹೆಂಗಸರಿಗೆ, ಪರಿಶಿಷ್ಟರಿಗೆ, ಹಿಂದುಳಿದವರಿಗೆ, ಅಲ್ಪಸಂಖ್ಯಾತರಿಗೆ, ಅಂಗವಿಕಲರಿಗೆ ಆದ್ಯತೆ ಕೊಡಬೇಕೆಂದು ಇದೇ ಕಾಯಿದೆ ಹೇಳುತ್ತದೆ. ಹೊಸ್ತಿಲಲ್ಲಿ ತಡೆದವಳಿಗೆ ಒಳಗಿನ ಆದ್ಯತೆಯಿಂದ ಪ್ರಯೋಜನವಿಲ್ಲ. ಮನೆಗೊಂದು ಗಂಡಾಳು ಎಂದು ಎಣಿಸಿದ ಪಾಂಡ್ಯನ ಲೆಕ್ಕಕ್ಕೂ ವ್ಯಾಪಾರಿಗೊಂದು ಕಸುಬು ಎಂದು ಎಣಿಸುವ ಈ ಲೆಕ್ಕಕ್ಕೂ ಇರುವ ನಂಟನ್ನು ಯಾವ ಟೀಕಾಕಾರನೂ ತಪ್ಪಿಸಲಾರ.

ಸಾಲದ ಯೋಜನೆಗಳ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಕೋವಿಡ್ ಕಾಲದಲ್ಲಿ ಸಂತೆಗಳು ನಿಂತ ಮೇಲೆ 2020ರ ಜೂನ್‌ನಲ್ಲಿ ಬಂದ ಪಿ.ಎಂ. ಸ್ವನಿಧಿ ಮೊದಲ ಕಂತಿನಲ್ಲಿ 10,000 ರೂಪಾಯಿಗಳ ದುಡಿಮೆ ಬಂಡವಾಳ ಕೊಟ್ಟಿತು. 2025ರಲ್ಲಿ ಯೋಜನೆಯನ್ನು ವಿಸ್ತರಿಸಿದಾಗ ಮೊದಲ ಕಂತು 15,000ಕ್ಕೆ ಏರಿತು. ಪಟ್ಟಣದೊಳಗೆ ಬಂದು ಮಾರುವ ಸುತ್ತಲ ಹಳ್ಳಿಯವರನ್ನು ಶಿಫಾರಸು ಪತ್ರದ ಮೇಲೆ ಸೇರಿಸಿಕೊಂಡದ್ದು ಈ ಯೋಜನೆಯ ವಿವೇಕ. ಕಾಯಿದೆ ನೋಡದ ಹೆಣ್ಣನ್ನು ಯೋಜನೆ ನೋಡಿತು. ಆದರೆ ಒಂದು ವರ್ಷದ ಅವಧಿಯಲ್ಲಿ ತಿಂಗಳು ತಿಂಗಳು ಕಂತು ಕಟ್ಟಬೇಕೆಂಬ ನಿಯಮ ನಗರದ ನಿತ್ಯ ವ್ಯಾಪಾರಕ್ಕೆ ಹೊಂದುವಷ್ಟು ಮಳೆಯನ್ನು ನಂಬಿದ ಸೊಪ್ಪಿನ ವ್ಯಾಪಾರಕ್ಕೆ ಹೊಂದುವುದಿಲ್ಲ. ಬತ್ತಿದ ತಿಂಗಳುಗಳ ಕಂತಿಗಾಗಿ ಕಿರುಸಾಲದ ಸಂಸ್ಥೆಗಳ ಕಡೆ ತಿರುಗಿದವರ ಪಾಡೇನಾಗಬಲ್ಲದು ಎಂಬುದಕ್ಕೆ, ಬಲವಂತದ ವಸೂಲಿ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಗಿ ಬಂದದ್ದೇ ಸಾಕ್ಷಿ. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯ ಪರಿಣಾಮ ಇದಕ್ಕಿಂತ ನೇರವಾದದ್ದು. ಟಿಕೆಟ್ಟಿನ ಹಣ ಉಳಿಯಿತು. ಹತ್ತಿರದ ಸಂತೆಯಲ್ಲಿ ದರ ಬಿದ್ದರೆ ದೂರದ ಪೇಟೆಗೆ ಹೋಗುವ ಆಯ್ಕೆ ಹುಟ್ಟಿತು. ಅಲ್ಲಿಯೂ ವಿನಾಯಿತಿ ಇರುವುದು ಪ್ರಯಾಣಿಕಳಿಗೆ. ಮಿತಿ ಮೀರಿದ ಲಗೇಜಿಗೆ ದರವುಂಟು. ಹೆಣ್ಣು ಉಚಿತ, ಬುಟ್ಟಿಗೆ ದುಡ್ಡು.

ಕಾಯಿದೆ ನಿರ್ಮಿಸಿದ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರು ವ್ಯಾಪಾರಿಗಳಿಂದಲೇ ಚುನಾಯಿತರಾಗಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಹೆಂಗಸರಿರಬೇಕು. ಹಳ್ಳಿಯಿಂದ ಬಂದು ಮಾರುವವಳ ಮಟ್ಟಿಗೆ ಈ ಸ್ಥಾನಗಳ ಬೆಲೆ ಪಟ್ಟಣದವಳಿಗಿಂತ ಹೆಚ್ಚು. ಅವಳ ಮತ ಇರುವುದು ಬಮ್ಮಿಗಟ್ಟಿಯ ಗ್ರಾಮ ಪಂಚಾಯತಿಯಲ್ಲಿ. ಅವಳು ಕೂಡುವ ಜಾಗ, ಕಟ್ಟುವ ಕರ, ಇರಬೇಕಾದ ಶೌಚಾಲಯ, ಎಬ್ಬಿಸುವ ಆದೇಶ ಎಲ್ಲವೂ ಇರುವುದು ಅವಳು ಮತ ಹಾಕದ ಪಟ್ಟಣದ ಕೈಯಲ್ಲಿ. ದುಡಿಯುವ ಜಾಗವನ್ನು ಆಳುವವರನ್ನು ಆರಿಸಲು ಅವಳಿಗಿರುವ ದಾರಿ ಆ ಸಮಿತಿಯೊಂದೇ. ಸಮಿತಿಯ ಮತದಾರಳಾಗಲು ಅವಳು ಮೊದಲು ಐದು ವರ್ಷಕ್ಕೊಮ್ಮೆ ನಡೆಯಬೇಕಾದ ಸಮೀಕ್ಷೆಯ ಪಟ್ಟಿಯಲ್ಲಿ ಸೇರಬೇಕು. ಸಮೀಕ್ಷೆಯವರು ಬಂದ ದಿನ ಸಂತೆಯ ದಿನವಲ್ಲದಿದ್ದರೆ ಅವಳು ಊರಿನಲ್ಲಿ ಹೊಲದ ಕೆಲಸದಲ್ಲಿರುತ್ತಾಳೆ.